ಅಟ್ಟಕ್ಕೆ ಏನೇನು ಏರಿತು, ಏರಿಸಿದವರು ಯಾರು?

ಪ್ರಶ್ನೆ: ನಾನು ಶಿವಮೊಗ್ಗದಲ್ಲಿ ಬಿ.ಎಸ್ಸಿ. ಎರಡನೇ ವರ್ಷ ಓದುತ್ತಿದ್ದೇನೆ. ಈ ಬೇಸಿಗೆ ರಜೆಯಲ್ಲಿ ನಾವು ಐವರು ಗೆಳತಿಯರು ‘ಸುಸ್ಥಿರ ಆಹಾರ ವ್ಯವಸ್ಥೆ’ ಎಂಬ ವಿಷಯದ ಮೇಲೆ ಆರು ವಾರದ ಪ್ರಾಜೆಕ್ಟ್ ಮಾಡಬೇಕಿದೆ. ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನನ್ನ ಅಜ್ಜಿ ಮನೆ ಇದೆ, ಅಲ್ಲೇ ಉಳಿಯಬಹುದು. ಎರೆಗೊಬ್ಬರ, ಸೋಲಾರ್ ಡ್ರೈಯರ್, ಸಿರಿಧಾನ್ಯ, ತಾರಸಿ ತೋಟ ಹೀಗೆ ಹತ್ತು ಐಡಿಯಾ ಪಟ್ಟಿ ಮಾಡಿದ್ದೇವೆ, ಯಾವುದನ್ನು ಹಿಡಿಯಬೇಕೋ ತಿಳಿಯುತ್ತಿಲ್ಲ. ನಮ್ಮಲ್ಲಿ ಇಬ್ಬರಿಗೆ ಗದ್ದೆಗೆ ಇಳಿದೇ ಗೊತ್ತಿಲ್ಲ. ಒಬ್ಬಳು ಊರಿಗೆ ಬರಲಾಗದು, ಶಿವಮೊಗ್ಗದಲ್ಲೇ ಇರಬೇಕು. ಊರಿನವರು ನಮ್ಮಂಥವರ ಮಾತನ್ನು ಕೇಳುತ್ತಾರೆಯೇ? ಏನು ಮಾಡಿದರೆ ನಿಜವಾಗಿ ಉಪಯೋಗ ಆಗುತ್ತದೆ?
– ಒಬ್ಬ ಓದುಗಿ, ಶಿವಮೊಗ್ಗ

ಉತ್ತರ: ನಿಮ್ಮ ಪಟ್ಟಿಯನ್ನು ಬದಿಗಿಡಿ ಎಂದರೆ ಬೇಸರ ಮಾಡಿಕೊಳ್ಳಬೇಡಿ. ಅದರಲ್ಲಿರುವುದು ಯಾವುದೂ ಕೆಟ್ಟದ್ದಲ್ಲ. ಆದರೆ ಆರು ವಾರವೆಂದರೆ 42 ದಿನ. ಮೊದಲ ವಾರ ಊರಿಗೆ ಹೊಂದಿಕೊಳ್ಳಲು ಹೋಗುತ್ತದೆ, ಕೊನೆಯ ವಾರ ಬರೆಯಲು. ನಡುವೆ ಉಳಿಯುವ ನಾಲ್ಕು ವಾರದಲ್ಲಿ ಗೊಬ್ಬರ ಸರಿಯಾಗಿ ಕಳಿಯುವುದಿಲ್ಲ, ಸಿರಿಧಾನ್ಯ ತೆನೆ ಕಟ್ಟುವುದಿಲ್ಲ. ಅದೇ ನಾಲ್ಕು ವಾರದಲ್ಲಿ ಮಲೆನಾಡಿನ ಮನೆ ಮಾತ್ರ ತನ್ನ ವರ್ಷದ ಅತಿ ದೊಡ್ಡ ಆಹಾರದ ಕೆಲಸವೊಂದನ್ನು ಮಾಡಿ ಮುಗಿಸುತ್ತದೆ. ಏಪ್ರಿಲ್ ಕೊನೆಯಿಂದ ಜೂನ್ ಮೊದಲ ವಾರದವರೆಗೆ, ಅಂದರೆ ಭರಣಿ ಮಳೆ ಹುಟ್ಟಿ ಮೃಗಶಿರೆ ಹಿಡಿಯುವಷ್ಟರಲ್ಲಿ, ಮುಂದಿನ ನಾಲ್ಕು ತಿಂಗಳಿನ ಊಟ ಅಟ್ಟಕ್ಕೆ ಏರಿರುತ್ತದೆ. ನಿಮ್ಮ ಪ್ರಾಜೆಕ್ಟ್ ಇದೇ ಆಗಲಿ: ಮಳೆಗಾಲದ ಅಟ್ಟ. ಅದಕ್ಕೆ ಏನೇನು ಏರಿತು, ಎಷ್ಟು ಏರಿತು, ಏರಿಸಿದವರು ಯಾರು, ಅವರು ಎಷ್ಟು ಹೊತ್ತು ದುಡಿದರು.

ಶಿವಮೊಗ್ಗ ಪೇಟೆಯಲ್ಲಿ ಬೆಳೆದವರಿಗೆ ಈ ತಯಾರಿಯ ತುರ್ತು ಥಟ್ಟನೆ ಅರ್ಥವಾಗುವುದಿಲ್ಲ. ಪೇಟೆಯಿಂದ ತೀರ್ಥಹಳ್ಳಿಗೆ 60 ಕಿಲೋಮೀಟರ್ ಅಷ್ಟೇ. ಅಲ್ಲಿಂದ ಮುಂದೆ ಘಟ್ಟದ ಅಂಚಿನ ಆಗುಂಬೆಗೆ ಹೋದರೆ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಮಳೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ದಿನಗಳಲ್ಲಿ ಬಿಸಿಲು ವಾರಗಟ್ಟಲೆ ಮುಖ ತೋರಿಸುವುದಿಲ್ಲ. ಹಳ್ಳ ಉಕ್ಕಿದರೆ ಸಂತೆಗೆ ದಾರಿಯಿಲ್ಲ, ಮರ ಬಿದ್ದರೆ ಕರೆಂಟಿಲ್ಲ, ಹಿತ್ತಲಿನ ತರಕಾರಿ ಕೊಳೆತು ಹೋಗುತ್ತದೆ. ಅದಕ್ಕೇ ಹಿಂದಿನವರು ಬೇಸಿಗೆಯಲ್ಲೇ ಮಳೆಗಾಲದ ಅಡುಗೆ ಮಾಡಿಡುತ್ತಿದ್ದರು. ಹಲಸಿನ ಹಪ್ಪಳ, ಬೂದುಗುಂಬಳದ ಸಂಡಿಗೆ, ಬಾಳಕದ ಮೆಣಸು, ಉಪ್ಪಿಗೆ ಹಾಕಿದ ಮಾವಿನ ಮಿಡಿ, ಉಪ್ಪುನೀರಿನ ಹಲಸಿನ ತೊಳೆ. ಒಣಗಿಸಿದ ವಾಟೆಹುಳಿ, ಮುರುಗಲು ಸಿಪ್ಪೆ. ಕೆಮ್ಮಣ್ಣು ಬಳಿದು ಒಣಗಿಸಿದ ಹಲಸಿನ ಬೇಳೆ, ಅಂದರೆ ಬೀಜ. ಗದ್ದೆ ಕೊಯ್ಲಾದ ಮೇಲೆ ಅದೇ ತೇವದಲ್ಲಿ ಬೆಳೆದ ಸೌತೆಕಾಯಿಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತಿಗೆ ತೂಗುಬಿಟ್ಟರೆ ಆಷಾಢ ಕಳೆಯುವವರೆಗೂ ಸಾರಿಗೆ ಬರುತ್ತದೆ. ಆಲೆಮನೆ ಕಾಲದಲ್ಲಿ ತುಂಬಿಟ್ಟ ಜೋನಿಬೆಲ್ಲದ ಡಬ್ಬ ಮೂಲೆಯಲ್ಲಿ ಇದ್ದೇ ಇರುತ್ತದೆ. ಫ್ರಿಜ್ಜಿಲ್ಲ, ಲಾರಿ ಬಾಡಿಗೆಯಿಲ್ಲ, ಉಪ್ಪು, ಬಿಸಿಲು, ಹೊಗೆ ಇಷ್ಟರಲ್ಲೇ ನಡೆದ ವ್ಯವಸ್ಥೆ ಅದು. ನಿಮ್ಮ ಸಿಲಬಸ್ಸಿನಲ್ಲಿ ಬರೆದ ‘ಸುಸ್ಥಿರ’ ಎಂಬ ಶಬ್ದಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ.

ಹಾಗೆಂದು ಅಜ್ಜಿಯ ಕಾಲವನ್ನು ಹೊಗಳಿ ನಾಲ್ಕು ಫೋಟೊ ಅಂಟಿಸಿ ಮುಗಿಸಬೇಡಿ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಅದಕ್ಕೆ ತದ್ವಿರುದ್ಧವಾದದ್ದು. ಅದನ್ನು ನನಗೆ ಕಲಿಸಿದ ಒಂದು ಬೇಸಿಗೆಯ ವಿಷಯ ಹೇಳುತ್ತೇನೆ.

ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಮೊದಲ ವರ್ಷಗಳಲ್ಲಿ ಹೊಸನಗರದ ಕಡೆಯ ಒಂದು ಊರಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋಗಿದ್ದೆ. ನಮ್ಮದೂ ನಿಮ್ಮ ಪಟ್ಟಿಯಲ್ಲಿರುವ ಸೋಲಾರ್ ಡ್ರೈಯರ್ ಪ್ರಾಜೆಕ್ಟೇ. ಬಿದಿರಿನ ಚೌಕಟ್ಟು ಕಟ್ಟಿ, ಪ್ಲಾಸ್ಟಿಕ್ ಹೊದಿಸಿ, ಒಳಗೆ ತಂತಿಬಲೆಯ ತಟ್ಟೆ ಇಟ್ಟೆವು. ಅಂಗಳದ ಚಾಪೆಗಿಂತ ಒಳಗೆ ಬಿಸಿ ಜಾಸ್ತಿ ಎಂದು ಥರ್ಮಾಮೀಟರ್ ಹಿಡಿದು ಮನೆಯವರಿಗೆಲ್ಲ ತೋರಿಸಿದ್ದೂ ಆಯಿತು. ಆದರೆ ಹಸಿ ಗಾಳಿ ಹೊರಗೆ ಹೋಗಲು ಮೇಲುಗಡೆ ಕಿಂಡಿ ಬಿಡಬೇಕೆಂಬುದು ನಮಗೆ ಹೊಳೆದಿರಲಿಲ್ಲ. ಹಪ್ಪಳದ ನೀರು ಆವಿಯಾಗಿ ಪ್ಲಾಸ್ಟಿಕ್ಕಿಗೆ ಹತ್ತಿ, ಸಂಜೆ ತಂಪಾದಾಗ ಹನಿಹನಿಯಾಗಿ ಹಪ್ಪಳದ ಮೇಲೇ ಬಿತ್ತು. ಮೂರನೇ ದಿನ ಮೋಡ ಕಟ್ಟಿತು. ಐದನೇ ದಿನಕ್ಕೆ ಬೂಷ್ಟು. ಆ ಮನೆಯ ಅಮ್ಮ ಒಂದು ಮಾತೂ ಆಡದೆ, ಕೆಡದೆ ಉಳಿದವನ್ನು ಆರಿಸಿ ಒಲೆಯ ಮೇಲಿನ ಅಟ್ಟಕ್ಕೆ ಹಾಕಿದರು. ರಾತ್ರಿ ಊಟಕ್ಕೆ ಕೂತಾಗ, ನಾನು ಕ್ಷಮೆ ಕೇಳಿದ ಮೇಲೆ, ಅವರು ಹೇಳಿದ್ದು ಇಷ್ಟು: “ಒಣಗ್ಸದು ನಮಗೆ ಯಾವತ್ತೂ ಕಷ್ಟ ಆಗ್ಲಿಲ್ಲ ಮೇಡಂ. ಕುಟ್ಟೋರು ಯಾರು ಹೇಳಿ? ಸೊಸೆಗೆ ಕೆಲ್ಸ ಶಿವಮೊಗ್ಗದಲ್ಲಿ, ಮಗಳು ಬೆಂಗಳೂರು, ನಂಗೆ ಸೊಂಟ ನೋವು.”

ನಾವು ಅವರನ್ನು ಆ ಪ್ರಶ್ನೆ ಕೇಳಿಯೇ ಇರಲಿಲ್ಲ. ಬಿಸಿಲು ಕಡಿಮೆ ಎಂಬುದು ನಾವು ಪುಸ್ತಕದಿಂದ ತಂದ ಸಮಸ್ಯೆ. ಕೈ ಕಡಿಮೆ ಎಂಬುದು ಅವರ ಮನೆಯ ಸಮಸ್ಯೆ. ಅಂದಿನಿಂದ ನನ್ನ ಜೊತೆ ಬಂದ ಎಲ್ಲ ವಿದ್ಯಾರ್ಥಿಗಳಿಗೆ ನಾನು ತಕ್ಕಡಿಯ ಜೊತೆ ಗಡಿಯಾರವನ್ನೂ ಕೊಟ್ಟಿದ್ದೇನೆ. ಯಾವ ಆಹಾರ ವ್ಯವಸ್ಥೆಯ ಲೆಕ್ಕದಲ್ಲಿ ಹೆಂಗಸರ ಕೆಲಸದ ಗಂಟೆಗಳು ಇಲ್ಲವೋ ಆ ಲೆಕ್ಕ ನನ್ನ ಪಾಲಿಗೆ ಅರ್ಧ.

ಹಲಸಿನ ಹಪ್ಪಳವನ್ನೇ ತೆಗೆದುಕೊಳ್ಳಿ. ನೀವು ಹೋಗುವ ಹೊತ್ತಿಗೆ ಸರಿಯಾಗಿ ಅದರ ಕಾಲ. ಬಲಿತಿರಬೇಕು, ಹಣ್ಣಾಗಿರಬಾರದು, ಅಂಥ ಕಾಯಿಯನ್ನು ಹಿಂದಿನ ಸಂಜೆಯೇ ಇಳಿಸುತ್ತಾರೆ. ಮರ ಹತ್ತಿದವರು ಹಗ್ಗ ಕಟ್ಟಿ ಇಳಿಸದೆ ಕೆಳಗೆ ಕೆಡವಿದರೆ ಕಾಯಿ ಜಜ್ಜಿಹೋಗುತ್ತದೆ. ನಸುಕಿನಲ್ಲಿ ಜಗುಲಿಯ ಮೇಲೆ ಗೋಣಿ ಹಾಸಿ, ಕತ್ತಿಗೂ ಅಂಗೈಗೂ ಕೊಬ್ಬರಿ ಎಣ್ಣೆ ಸವರಿ ಹೆಚ್ಚುವುದು ಶುರು. ಮೇಣ ಕೈಗೆ ಹತ್ತಿದರೆ ದಿನವಿಡೀ ಬಿಡದು. ತೊಳೆ ಬಿಡಿಸಬೇಕು, ಬೇಳೆ ತೆಗೆಯಬೇಕು, ಬೇಳೆಯ ಮೇಲಿನ ಪೊರೆ ತೆಗೆಯಬೇಕು, ತೊಳೆಗೆ ಅಂಟಿದ ಸಾರೆ, ಅಂದರೆ ನಾರು ಕೀಳಬೇಕು. ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಹಾಕಿ ಒರಳಿನಲ್ಲಿ ಕುಟ್ಟಬೇಕು. ತಣಿದರೆ ಹಿಟ್ಟು ಬಿಗಿಯಾಗಿ ಒನಕೆ ಏಳುವುದಿಲ್ಲ. ಅದಕ್ಕೇ ಕುಟ್ಟುವವರು ನಡುವೆ ನಿಲ್ಲಿಸುವಂತಿಲ್ಲ. ಆಮೇಲೆ ಉಂಡೆ ಕಟ್ಟಿ, ಎಣ್ಣೆ ಸವರಿದ ಎರಡು ಹಾಳೆಯ ನಡುವೆ ಇಟ್ಟು, ಮಣೆಯಿಂದ ಒತ್ತಿ, ಚಾಪೆಯ ಮೇಲೆ ಹರಡಬೇಕು. ಬಿಸಿಲು ನೆತ್ತಿಗೆ ಬರುವ ಮುಂಚೆ ಹರಡಿ ಮುಗಿದಿರಬೇಕು. ನಂತರ ಎರಡು ಮೂರು ದಿನ ಮಗುಚಿ ಹಾಕುವುದು, ಕಾಗೆ ಓಡಿಸುವುದು, ಮೋಡ ಬಂದರೆ ಚಾಪೆ ಸಮೇತ ಒಳಗೆ ಎಳೆಯುವುದು.

ಇದರಲ್ಲಿ ತೂಗಬೇಕಾದದ್ದು ಬೇಕಾದಷ್ಟಿದೆ. ಇಡೀ ಕಾಯಿಯ ತೂಕ, ತೊಳೆಯ ತೂಕ, ಬೇಳೆಯ ತೂಕ, ಸಿಪ್ಪೆ, ಸಾರೆ, ನಡುವಿನ ದಿಂಡಿನ ತೂಕ. ಸಾಮಾನ್ಯವಾಗಿ ಇಡೀ ಹಲಸಿನಲ್ಲಿ ತೊಳೆ ಮೂರನೇ ಒಂದರ ಆಸುಪಾಸು. ಅರ್ಧದಷ್ಟು ಸಿಪ್ಪೆ, ಸಾರೆಯಲ್ಲೇ ಹೋಗುತ್ತದೆ. ಆ ಅರ್ಧ ಕೊಟ್ಟಿಗೆಗೆ ಹೋಯಿತೋ, ಗೊಬ್ಬರದ ಗುಂಡಿಗೆ ಹೋಯಿತೋ, ರಸ್ತೆ ಬದಿಗೆ ಹೋಯಿತೋ ಬರೆಯಿರಿ. ಜೊತೆಗೆ ಗಡಿಯಾರ ನೋಡಿ: ಯಾರು, ಎಷ್ಟು ಹೊತ್ತಿಗೆ ಕೂತರು, ನಡುವೆ ಎಷ್ಟು ಸಲ ಎದ್ದರು, ಎದ್ದದ್ದು ಯಾಕೆ. ಕಾಫಿ ಮಾಡಲು, ಹಾಲು ಕರೆಯಲು, ಮಗುವಿಗೆ ತಿಂಡಿ ಕೊಡಲು ಎದ್ದದ್ದನ್ನೂ ಬರೆದರೆ ಆ ಮನೆಯ ಹೆಂಗಸಿನ ಒಂದು ಬೆಳಗು ನಿಮ್ಮ ಪುಸ್ತಕದಲ್ಲಿ ಪೂರ್ತಿ ಕಾಣುತ್ತದೆ.

ಲೆಕ್ಕ ಹೇಗೆಂದು ತೋರಿಸಲು ಅಂದಾಜಿನ ಅಂಕಿ ಇಟ್ಟುಕೊಳ್ಳೋಣ. ಮೂವರು ಹೆಂಗಸರು ಏಳು ಗಂಟೆ ದುಡಿದು 200 ಹಪ್ಪಳ ಮಾಡಿದರು ಎನ್ನಿ. ಒಟ್ಟು 21 ಗಂಟೆ. ಇಪ್ಪತ್ತೈದರ ಕಟ್ಟು 70 ರೂಪಾಯಿಗೆ ಹೋದರೆ ಎಂಟು ಕಟ್ಟಿಗೆ 560. ಎಣ್ಣೆ, ಮೆಣಸು, ಸೌದೆ ಎಂದು 60 ಕಳೆಯಿರಿ. ಉಳಿದ 500 ರೂಪಾಯಿಯನ್ನು 21ಕ್ಕೆ ಹಂಚಿದರೆ ಗಂಟೆಗೆ 24 ರೂಪಾಯಿ ಕೂಡ ಪೂರ್ತಿ ಬೀಳುವುದಿಲ್ಲ. ಅದನ್ನು ನಿಮ್ಮೂರಿನ ತೋಟದ ಕೂಲಿಯ ಪಕ್ಕದಲ್ಲಿಟ್ಟು ನೋಡಿ. ‘ಗೃಹೋದ್ಯಮ ಮಾಡಿ, ಸ್ವಾವಲಂಬಿಗಳಾಗಿ’ ಎಂದು ವೇದಿಕೆಯಿಂದ ಹೇಳುವವರು ಈ ಭಾಗಾಕಾರ ಮಾಡಿರುವುದಿಲ್ಲ. ನೀವು ನಿಮ್ಮ ಮನೆಯಲ್ಲಿ ನಿಜವಾದ ಅಂಕಿ ಹಾಕಿ ಮಾಡಿ. ಅಂಕಿ ನನ್ನದಕ್ಕಿಂತ ಮೇಲಿದ್ದರೂ ಕೆಳಗಿದ್ದರೂ ಅದು ನಿಮ್ಮದು.

ಅಲ್ಲಿಗೆ ನಿಲ್ಲಬೇಡಿ, ಒಂದು ಪ್ರಯೋಗವನ್ನೂ ಮಾಡಿ. ಎರಡನೇ ಸಲ ಹಪ್ಪಳ ಮಾಡುವ ದಿನ ಹತ್ತಿರದ ಮೂರು ಮನೆಯವರು ಒಂದೇ ಜಗುಲಿಯಲ್ಲಿ ಸೇರುವಂತೆ ಕೇಳಿಕೊಳ್ಳಿ. ಮಲೆನಾಡಿನಲ್ಲಿ ಮುಯ್ಯಾಳು ಎಂಬ ಪದ್ಧತಿ ಗದ್ದೆಯ ನಾಟಿಗೂ ಇತ್ತು, ಹಪ್ಪಳಕ್ಕೂ ಇತ್ತು. ಇವತ್ತು ನಿಮ್ಮ ಮನೆಗೆ ನಾವು, ನಾಳೆ ನಮ್ಮ ಮನೆಗೆ ನೀವು. ಒನಕೆಯ ಬದಲು ಗ್ರೈಂಡರಿನಲ್ಲಿ ರುಬ್ಬಿದರೆ ಎಷ್ಟು ಗಂಟೆ ಉಳಿಯಿತು, ಹಪ್ಪಳ ಕರಿದಾಗ ಅಷ್ಟೇ ಅರಳಿತೇ, ಸೇರಿ ಮಾಡಿದಾಗ ತಲೆಗೆ ಎಷ್ಟು ಹೊತ್ತು ಬಿತ್ತು, ಒಬ್ಬರೇ ಮಾಡಿದಾಗ ಎಷ್ಟು? ಇಷ್ಟು ತಿಳಿದರೆ ಸಾಕು, ಆ ಮೂರು ಮನೆಯವರು ಮುಂದಿನ ವರ್ಷ ಏನು ಮಾಡಬೇಕೆಂದು ತಾವೇ ತೀರ್ಮಾನಿಸುತ್ತಾರೆ. ‘ಅಂಗಡಿಯಿಂದಲೇ ತರೋಣ’ ಎಂದು ತೀರ್ಮಾನಿಸಿದರೂ ಅದು ಅವರ ಹಕ್ಕು.

ಇನ್ನು ‘ವ್ಯವಸ್ಥೆ’ ಎಂಬ ಶಬ್ದ. ಆಹಾರ ಬೇರೆ, ಆಹಾರ ವ್ಯವಸ್ಥೆ ಬೇರೆ. ಅಜ್ಜಿ ಮನೆಯ ಸುತ್ತ ಮೂವತ್ತು ವರ್ಷದ ಹಿಂದೆ ಗದ್ದೆಯಾಗಿದ್ದು ಈಗ ಅಡಿಕೆ ತೋಟವಾಗಿರುವ ತುಂಡು ಯಾವುದೆಂದು ಕೇಳಿ ನೋಡಿ. ಕೈ ಎತ್ತಿ ತೋರಿಸುತ್ತಾರೆ. ಭತ್ತ ಹೋದಾಗ ಅಕ್ಕಿ ಮಾತ್ರ ಹೋಗಲಿಲ್ಲ, ಹುಲ್ಲೂ ಹೋಯಿತು. ಹುಲ್ಲಿಲ್ಲದೆ ಕೊಟ್ಟಿಗೆಯ ಮಲೆನಾಡು ಗಿಡ್ಡ ತಳಿಯ ದನ ಹೋಯಿತು. ದನ ಹೋದ ಮೇಲೆ ಸೊಪ್ಪು, ದರಕು (ತರಗೆಲೆ) ಹಾಸಿ ತುಳಿಸಿ ಮಾಡುತ್ತಿದ್ದ ಗೊಬ್ಬರ ಹೋಯಿತು. ಗೊಬ್ಬರ ಈಗ ಲಾರಿಯಲ್ಲಿ ದುಡ್ಡು ಕೊಟ್ಟರೆ ಬರುತ್ತದೆ. ಗದ್ದೆ ಇಲ್ಲದೆ ಬೇಸಿಗೆಯ ಸೌತೆ ಬಳ್ಳಿಗೂ ಜಾಗ ಇಲ್ಲ, ಜಂತಿ ಖಾಲಿ. ಅಕ್ಕಿ ರೇಷನ್ನಿನಿಂದ, ಅಂಗಡಿಯಿಂದ. ಅಡಿಕೆ ರೇಟು ಚೆನ್ನಾಗಿರುವ ವರ್ಷ ಇದು ಯಾರಿಗೂ ಕಾಣುವುದಿಲ್ಲ. ಎಲೆಚುಕ್ಕಿ ರೋಗ ಬಂದು ತೋಟ ಸೊರಗಿದ ವರ್ಷ ಒಂದೇ ಏಟಿಗೆ ಎಲ್ಲ ಕಾಣುತ್ತದೆ. ಒಂದು ತುಂಡು ಗದ್ದೆ ತೋಟವಾದರೆ ಜಂತಿಯ ಸೌತೆಕಾಯಿ ಯಾಕೆ ಮಾಯವಾಯಿತು ಎಂದು ಒಂದು ಪುಟದಲ್ಲಿ ಬಿಡಿಸಿ ಬರೆದರೆ ನಿಮಗೆ ವ್ಯವಸ್ಥೆ ಅರ್ಥವಾಗಿದೆ ಎಂದೇ ಲೆಕ್ಕ. ಗದ್ದೆಯನ್ನು ತೋಟ ಮಾಡಿದವರನ್ನು ಮಾತ್ರ ದೂರಬೇಡಿ. ಭತ್ತದ ಖರ್ಚು, ಆಳಿನ ಅಭಾವ, ಕಾಡುಹಂದಿ, ಮಂಗನ ಕಾಟ ಎಲ್ಲ ಸೇರಿ ಆ ತೀರ್ಮಾನ ಮಾಡಿಸಿವೆ.

ಹಾಗೆಯೇ ಒಲೆ. ಹಳೆಯ ಅಡುಗೆಮನೆಯಲ್ಲಿ ಅಟ್ಟವನ್ನು ಕಾದಿದ್ದು ಒಲೆಯ ಹೊಗೆ. ಗ್ಯಾಸ್ ಬಂತು, ತಾರಸಿ ಮನೆ ಬಂತು, ಹೊಗೆ ಹೋಯಿತು. ಅಟ್ಟದಲ್ಲಿಟ್ಟದ್ದಕ್ಕೆ ಹುಳ ಹಿಡಿಯತೊಡಗಿತು. ಹೊಗೆ ಕುಡಿದು ಕೆಮ್ಮಿದ ಅಜ್ಜಿಯಂದಿರನ್ನು ನೋಡಿದವಳು ನಾನು. ಮತ್ತೆ ಒಲೆ ಹಚ್ಚಿ ಎಂದು ಯಾರಿಗೂ ಹೇಳಲಾರೆ. ಹೊಗೆಯಿಲ್ಲದ ಮನೆಯಲ್ಲಿ ಒಣಗಿಸಿದ್ದನ್ನು ಕಾಯುವ ದಾರಿ ಯಾವುದು, ಗಾಳಿಯಾಡದ ಡಬ್ಬವೋ, ಬಚ್ಚಲೊಲೆಯ ಮೇಲಿನ ಜಾಗವೋ, ಅಡಿಕೆ ಬೇಯಿಸುವ ಒಲೆಯೋ, ಇದನ್ನು ಐದಾರು ಮನೆಗಳಲ್ಲಿ ಕೇಳಿ ಬರೆಯಿರಿ. ಈ ವಿಷಯದಲ್ಲಿ ಹೊಸ ಜಾಣ್ಮೆ ಮನೆಮನೆಯಲ್ಲಿ ಹುಟ್ಟಿಕೊಂಡಿದೆ.

ಇಷ್ಟರವರೆಗೆ ಒಂದೇ ಮನೆಯ ಲೆಕ್ಕ ಹೇಳಿದೆ. ನಿಜಕ್ಕೂ ಬೇಕಾದದ್ದು ಎರಡು. ನಿಮ್ಮ ಅಜ್ಜಿ ಮನೆಗೆ ತೋಟ ಇದೆ ಎಂದುಕೊಳ್ಳುತ್ತೇನೆ. ಎರಡನೆಯದು ಅದೇ ಊರಿನಲ್ಲಿ ಜಮೀನಿಲ್ಲದೆ ಕೂಲಿ ಮಾಡುವವರ ಮನೆಯಾಗಲಿ. ಮಲೆನಾಡಿನ ಊಟದ ಬಗ್ಗೆ ಬರೆಯುವವರೆಲ್ಲ ತೋಟದ ಮನೆಯ ಜಗುಲಿಯಲ್ಲಿ ಕೂತು ಬರೆಯುತ್ತಾರೆ, ಅದು ನನಗೆ ಬಹಳ ನೋವಿನ ವಿಷಯ. ಹಲಸಿನ ಮರ ಇಲ್ಲದವರ ಮಳೆಗಾಲ ಹೇಗೆ? ಜೂನ್, ಜುಲೈಯಲ್ಲಿ ಮಳೆ ಹಿಡಿದು ಕೂಲಿ ತಪ್ಪಿದ ದಿನ ಸಾರಿಗೆ ಏನು? ಒಣಮೀನು ಎಷ್ಟು ಕೊಂಡಿಟ್ಟರು, ಯಾವ ಸಂತೆಯಿಂದ? ಕಾಡಿನ ಸೊಪ್ಪು, ಕಳಲೆ, ಅಣಬೆ, ಹಳ್ಳದ ಏಡಿ ಇವುಗಳ ಪಾಲೆಷ್ಟು? ಅವರ ಅಟ್ಟ ಚಿಕ್ಕದು, ಆದರೆ ಕಾಡಿನ ಬಗ್ಗೆ ಅವರಿಗಿರುವ ತಿಳಿವಳಿಕೆ ದೊಡ್ಡದು. ಎರಡು ಅಟ್ಟಗಳನ್ನು ಪಕ್ಕಪಕ್ಕ ಇಟ್ಟು ಬರೆದರೆ ಮಾತ್ರ ಅದು ಊರಿನ ಆಹಾರ ವ್ಯವಸ್ಥೆ. ಇಲ್ಲವಾದರೆ ಅದು ನಿಮ್ಮ ಅಜ್ಜಿ ಮನೆಯ ಆಲ್ಬಮ್.

ಅಳತೆಯ ವಿಷಯದಲ್ಲಿ ಸಡಿಲ ಬಿಡಬೇಡಿ. ನೀವು ಹೋಗುತ್ತಿರುವುದು ಅಳತೆಗಾಗಿ ಜೈಲಿಗೆ ಹೋದವರ ಜಿಲ್ಲೆಗೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಎದ್ದು ನಿಂತಾಗ ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಒಂದು ಮೂಲವಾಗಿತ್ತು. ಒಡೆಯರು ಕೊಡುವಾಗ ಒಂದು ಕೊಳಗ, ಗೇಣಿ ತೆಗೆದುಕೊಳ್ಳುವಾಗ ಅದಕ್ಕಿಂತ ದೊಡ್ಡದು. ರೈತ ನಾಯಕ ಎಚ್. ಗಣಪತಿಯಪ್ಪ, ಸಮಾಜವಾದಿ ನಾಯಕ ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಹಾಗಾಗಿ ‘ಒಂದು ಬುಟ್ಟಿ’, ‘ಒಂದಿಷ್ಟು’ ಎಂದು ಬರೆಯಬೇಡಿ. ತೂಗಿ ಬರೆಯಿರಿ. ಐದು ಗ್ರಾಂನಷ್ಟು ಸಣ್ಣ ವ್ಯತ್ಯಾಸವನ್ನೂ ತೋರಿಸುವ ಅಡುಗೆಮನೆಯ ತಕ್ಕಡಿ ಒಂದು, ಗೋಣಿ ತೂಗುವ ಕೊಕ್ಕೆ ತಕ್ಕಡಿ ಒಂದು, ಗೆರೆ ಹಾಕಿದ ದಪ್ಪ ಪುಸ್ತಕ ಒಂದು ಸಾಕು. ಮೊಬೈಲಿನಲ್ಲಿ ಬರೆದುಕೊಂಡರೆ ಮನೆಯವರಿಗೆ ನೀವೇನು ಮಾಡುತ್ತಿದ್ದೀರೆಂದು ಕಾಣುವುದಿಲ್ಲ. ಪುಸ್ತಕವಾದರೆ ಅವರೇ ಬಗ್ಗಿ ನೋಡಿ ‘ಇದು ಮೂರು ಅಲ್ಲ, ಮೂರೂವರೆ’ ಎಂದು ತಿದ್ದುತ್ತಾರೆ.

ಮಾವಿನ ಮಿಡಿಯ ಬಗ್ಗೆ ಒಂದೆರಡು ಮಾತು ಬೇರೆಯಾಗಿಯೇ ಹೇಳಬೇಕು. ನೀವು ಹೋಗುವ ಹೊತ್ತಿಗೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಅಪ್ಪೆಮಿಡಿಯ ಕೊಯ್ಲು ಮುಗಿದು ಮಿಡಿ ಜಾಡಿಯಲ್ಲಿರುತ್ತದೆ. ತೊಟ್ಟು ಸಮೇತ ಬಿಡಿಸಿ, ಒರೆಸಿ, ಕಲ್ಲುಪ್ಪಿನ ಜೊತೆ ಪದರ ಪದರವಾಗಿ ತುಂಬಿ ಮೇಲೆ ಭಾರ ಇಟ್ಟರೆ ಎರಡು ಮೂರು ವಾರದಲ್ಲಿ ಮಿಡಿ ಚಿರುಟಿ ತನ್ನದೇ ನೀರಿನಲ್ಲಿ ಮುಳುಗುತ್ತದೆ. ಆ ಉಪ್ಪುನೀರನ್ನೇ ಕುದಿಸಿ ಆರಿಸಿ ಅದರಲ್ಲೇ ಸಾಸಿವೆ, ಮೆಣಸು ರುಬ್ಬುತ್ತಾರೆ. ಮುಚ್ಚಳ ತೆಗೆದಾಗ ಬರುವ ಸೊನೆಯ ಪರಿಮಳ ನೋಡಿಯೇ ಅದು ಯಾವ ಹೊಳೆಬದಿಯ ಮರ ಎಂದು ಹೇಳಬಲ್ಲ ಅಜ್ಜಿಯರಿದ್ದಾರೆ. ಅಪ್ಪೆಮಿಡಿಗೆ ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆಯೂ ಇದೆ. ಆದರೆ ಪೇಟೆಯಲ್ಲಿ ಬೇಡಿಕೆ ಏರಿದಂತೆ ಮಿಡಿಗಾಗಿ ಕೊಂಬೆಯನ್ನೇ ಕಡಿದು ಕೆಡಹುವವರು ಹೆಚ್ಚಾದರು. ಮರ ಮತ್ತೆ ಚಿಗುರಿ ಮಿಡಿ ಬಿಡಲು ವರ್ಷಗಳು ಬೇಕು. ನಿಮ್ಮ ಊರಿನ ಸುತ್ತ ಎಷ್ಟು ಅಪ್ಪೆ ಮರ ಇದ್ದವು, ಈಗ ಎಷ್ಟಿವೆ, ಯಾವುದರಿಂದ ಯಾರಾದರೂ ಕಸಿ ಕಟ್ಟಿದ್ದಾರೆ ಎಂದು ಹಿರಿಯರೊಬ್ಬರ ಜೊತೆ ನಡೆದು ಗುರುತು ಹಾಕಿ. ಮರವಿರುವ ಜಾಗವನ್ನು ಮಾತ್ರ ಜಾಲತಾಣಕ್ಕೆ ಹಾಕಬೇಡಿ.

ಗದ್ದೆಗೆ ಇಳಿದು ಗೊತ್ತಿಲ್ಲದ ಇಬ್ಬರಿಗೆ ಬೀಜದ ಕೆಲಸ ಕೊಡಿ. ಅದಕ್ಕೆ ಅನುಭವ ಬೇಡ, ತಾಳ್ಮೆ ಬೇಕು. ಊರಿನಲ್ಲಿ ಇನ್ನೂ ಭತ್ತ ಬೆಳೆಯುವ ಮನೆಗಳಿಂದ ಬಿತ್ತನೆಗೆ ಇಟ್ಟ ಭತ್ತವನ್ನು ಒಂದೊಂದು ಹಿಡಿ ಕೇಳಿ ತನ್ನಿ. ನೂರು ಕಾಳು ಎಣಿಸಿ ಒದ್ದೆ ಗೋಣಿತಾಟಿನ ಮೇಲೆ ಸಾಲಾಗಿ ಇಟ್ಟು ಸುತ್ತಿ, ದಿನಕ್ಕೆರಡು ಸಲ ನೀರು ಚಿಮುಕಿಸಿ. ಐದನೇ ದಿನ ಒಮ್ಮೆ, ಹದಿನಾಲ್ಕನೇ ದಿನ ಕೊನೆಯದಾಗಿ ಎಣಿಸಿ. ನಾಲ್ಕು ಸಲ ಮಾಡಿ ಸರಾಸರಿ ತೆಗೆಯಿರಿ. ಪ್ರಮಾಣಿತ ಭತ್ತದ ಬೀಜಕ್ಕೆ ನೂರಕ್ಕೆ ಕನಿಷ್ಠ 80 ಮೊಳಕೆ ಬರಬೇಕೆಂಬ ನಿಯಮವಿದೆ. ಒಬ್ಬರ ಬೀಜ 60 ಮಾತ್ರ ಬಂದರೆ ಮೇ ಕೊನೆಗೆ ಹುಟ್ಟುವ ರೋಹಿಣಿ ಮಳೆಗೆ ಮುಂಚೆ ಹೋಗಿ ಹೇಳಿ. ಬೀಜ ಹೆಚ್ಚು ಹಾಕುತ್ತಾರೆ, ಇಲ್ಲವೇ ಬೇರೆ ತರುತ್ತಾರೆ. ಇದಕ್ಕಿಂತ ನೇರವಾದ ಉಪಯೋಗ ಯಾವ ಪ್ರಾಜೆಕ್ಟಿನಿಂದಲೂ ಆಗದು. ಬೀಜ ಎಷ್ಟು ಒಣಗಿದೆ ಎಂದು ನೋಡಬೇಕಿದ್ದರೆ ನವುಲೆಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ಕೈಗೆ ಊರಿನದೇ ಹಳೆಯ ತಳಿ ಸಿಕ್ಕರೆ ಅದರ ಹೆಸರು, ಗದ್ದೆ ಯಾವ ಬಗೆಯದು, ಎಷ್ಟು ದಿನದ ಬೆಳೆ ಎಂದು ಬರೆದಿಡಿ. ವರದಾ ನದಿಯ ನೆರೆ ನಿಲ್ಲುವ ಸಾಗರ, ಸೊರಬದ ತಗ್ಗು ಗದ್ದೆಗಳಿಗೆ ನೆರೆಗುಳಿ, ಏಡಿಕುಣಿಯಂಥ ತಳಿಗಳು ಇದ್ದವು. ಹೆಸರಿನಲ್ಲೇ ಅವುಗಳ ಗುಣ ಇದೆ. ಅಂಥ ಹೆಸರು ಹೇಳುವವರು ಪ್ರತಿ ವರ್ಷ ಕಡಿಮೆಯಾಗುತ್ತಿದ್ದಾರೆ.

ಶಿವಮೊಗ್ಗದಲ್ಲೇ ಉಳಿಯುವ ಗೆಳತಿಗೂ ಕೆಲಸ ಇದೆ. ಏಪ್ರಿಲ್, ಮೇ ಎಂದರೆ ಮದುವೆ ಕಾಲ. ಪರಿಚಯದವರ ನಾಲ್ಕು ಮದುವೆಗಳಲ್ಲಿ ಎಲೆಯ ಮೇಲೆ ಉಳಿದದ್ದನ್ನು ಒಂದೊಂದು ಪಂಕ್ತಿಗೆ ತೂಗಲಿ. ಅನ್ನ ಎಷ್ಟು, ಸಿಹಿ ಎಷ್ಟು, ಪಲ್ಯ ಎಷ್ಟು. ಪಂಕ್ತಿಯೂಟ ಮತ್ತು ಬಫೆ ಎರಡೂ ಸಿಕ್ಕರೆ ಹೋಲಿಸಲಿ. ಅಡುಗೆ ಭಟ್ಟರ ಜೊತೆ ಮೊದಲೇ ಮಾತಾಡಿ, ಮನೆಯವರ ಒಪ್ಪಿಗೆ ಪಡೆದೇ ಇದನ್ನು ಮಾಡಬೇಕು. ಭಟ್ಟರಿಗೆ ಲೆಕ್ಕ ತೋರಿಸಿದರೆ ಮುಂದಿನ ಮದುವೆಯಲ್ಲಿ ಅಳತೆ ಬದಲಾದೀತು.

ಇಲ್ಲಿ ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಎರಡು ಸಲ ಓದಿ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆ ಇವತ್ತಿಗೂ ನಮ್ಮ ಜಿಲ್ಲೆಯಲ್ಲಿದೆ. 2018–19ರಲ್ಲಿ ಸಾಗರದ ಅರಳಗೋಡು ಸುತ್ತಮುತ್ತ ಅದು ಜೀವಗಳನ್ನು ತೆಗೆದುಕೊಂಡಿತು. ಹರಡುವುದು ಉಣುಗು, ಅಂದರೆ ಉಣ್ಣೆ ಕಚ್ಚುವುದರಿಂದ. ಚಳಿಗಾಲದಿಂದ ಮಳೆ ಹಿಡಿಯುವವರೆಗೆ ಅದರ ಕಾಲ, ನೀವು ಹೋಗುವ ದಿನಗಳೂ ಅದರೊಳಗೇ ಬರುತ್ತವೆ. ದರಕು ಗುಡಿಸಲು, ಸೌದೆ ತರಲು, ಮರ ಎಣಿಸಲು ಕಾಡಂಚಿಗೆ ಹೋಗುವ ಮುಂಚೆ ಆ ಊರಿನ ಆಶಾ ಕಾರ್ಯಕರ್ತೆಯನ್ನು ಕಂಡು ಈ ವರ್ಷ ಸುತ್ತಮುತ್ತ ಮಂಗ ಸತ್ತಿವೆಯೇ ಎಂದು ಕೇಳಿ. ಸತ್ತಿದ್ದರೆ ಆ ದಿಕ್ಕಿಗೆ ಕಾಲಿಡಬೇಡಿ. ಉಣುಗು ಹತ್ತದಂತೆ ಆರೋಗ್ಯ ಇಲಾಖೆಯವರು ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ, ಮೈ ತುಂಬ ಬಟ್ಟೆ ತೊಡಿ, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ತರಗೆಲೆಯ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪಿನಲ್ಲಿ ಸ್ನಾನ, ಬಟ್ಟೆ ಬಿಸಿನೀರಿಗೆ. ಜ್ವರ, ವಿಪರೀತ ತಲೆನೋವು, ಮೈಕೈ ನೋವು ಬಂದರೆ ‘ಬಿಸಿಲಿಗೆ ಆಗಿರಬೇಕು’ ಎಂದು ಮಲಗದೆ ಆಸ್ಪತ್ರೆಗೆ ಹೋಗಿ ಕಾಡಿಗೆ ಹೋಗಿದ್ದನ್ನು ಮರೆಯದೆ ಹೇಳಿ.

ಊರಿನವರು ಕೇಳುತ್ತಾರೆಯೇ ಎಂದು ಕೇಳಿದ್ದೀರಿ. ಮೊದಲ ವಾರ ನೀವೇ ಕೇಳಿ. ಪ್ರಶ್ನಾವಳಿಯ ಕಾಗದ ತೆಗೆಯಬೇಡಿ. ಹೆಚ್ಚುವಲ್ಲಿ ಕೂತು ಹೆಚ್ಚಿ, ಕುಟ್ಟುವಲ್ಲಿ ಒಂದು ಸರದಿ ಕುಟ್ಟಿ. ಅಂಗೈಯಲ್ಲಿ ಬೊಕ್ಕೆ ಎದ್ದ ಮೇಲೆ ನಿಮಗೆ ಬರುವ ಪ್ರಶ್ನೆಗಳೇ ಬೇರೆ. ದೊಡ್ಡವರನ್ನು ಅಮ್ಮ, ಅಜ್ಜಿ, ಅಕ್ಕ ಎಂದೇ ಕರೆಯಿರಿ, ‘ಆಂಟಿ’ ಬೇಡ. ಅಡುಗೆಮನೆಯೊಳಗೆ ಹೋಗುವ ಮುಂಚೆ ಕೇಳಿ, ಫೋಟೊ ತೆಗೆಯುವ ಮುಂಚೆ ಮತ್ತೊಮ್ಮೆ ಕೇಳಿ. ಜಾತಿಯ ಕಾರಣಕ್ಕೆ ನಿಮ್ಮಲ್ಲಿ ಒಬ್ಬಳನ್ನು ಯಾವುದಾದರೂ ಮನೆಯವರು ಜಗುಲಿಯಲ್ಲೇ ನಿಲ್ಲಿಸಿದರೆ ಐವರೂ ಆ ಮನೆಯ ಅಧ್ಯಯನ ಬಿಟ್ಟು ಬನ್ನಿ. ಇದರಲ್ಲಿ ರಾಜಿ ಬೇಡ. ಕೂಲಿ ಮನೆಯವರ ಒಂದು ದಿನದ ಹೊತ್ತು ನಿಮ್ಮ ಮಾತಿಗೆ ಹೋದರೆ ಆ ದಿನದ ಕೂಲಿಯನ್ನು ಕೊಡಿ. ಊಟ ಮಾಡಿದ ಮನೆಗೆ ಅಕ್ಕಿ, ಬೇಳೆ, ಎಣ್ಣೆ ತಂದುಕೊಡಿ. ಊಟಕ್ಕೆ ಮಲೆನಾಡಿನವರು ದುಡ್ಡು ಮುಟ್ಟುವುದಿಲ್ಲ, ಆದರೆ ತವರಿಂದ ತಂದಂತೆ ತಂದರೆ ಬೇಡ ಎನ್ನುವುದಿಲ್ಲ.

ವರದಿ ಕನ್ನಡದಲ್ಲಿರಲಿ. ಕಾಲೇಜು ಇಂಗ್ಲಿಷಿನಲ್ಲಿ ಕೇಳಿದರೆ ಅದನ್ನು ಎರಡನೆಯದಾಗಿ ಬರೆಯಿರಿ. ಅದು ಇಪ್ಪತ್ತು ಪುಟ ದಾಟಬೇಕಿಲ್ಲ. ಹೊರಡುವ ಮುಂಚೆ ಎರಡೂ ಮನೆಯವರನ್ನು, ಬೀಜ ಕೊಟ್ಟವರನ್ನು ಕರೆದು ಗಟ್ಟಿಯಾಗಿ ಓದಿ ಹೇಳಿ. ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ, ಬೇಡವೆಂದ ವಾಕ್ಯವನ್ನು ತೆಗೆದುಹಾಕಿ. ಒಂದು ಪ್ರತಿಯನ್ನು ಅವರಿಗೆ ಬಿಟ್ಟು ಬನ್ನಿ, ಇನ್ನೊಂದನ್ನು ಗ್ರಾಮ ಪಂಚಾಯಿತಿ ಗ್ರಂಥಾಲಯಕ್ಕೆ ಕೊಡಿ. ಈ ಓದನ್ನು ರೋಹಿಣಿ ಮಳೆಯ ಮೊದಲ ವಾರದೊಳಗೆ, ಸಂಜೆ ದೀಪ ಹಚ್ಚುವ ಹೊತ್ತಿಗೆ ಇಟ್ಟುಕೊಳ್ಳಿ. ಅದು ದಾಟಿದರೆ ಎಲ್ಲರೂ ಭತ್ತದ ಅಗೆಮಡಿಗೆ (ಸಸಿಮಡಿಗೆ) ಇಳಿದಿರುತ್ತಾರೆ, ಕೂತು ಕೇಳಲು ಯಾರಿಗೂ ಪುರುಸೊತ್ತು ಇರುವುದಿಲ್ಲ.